ಬಿಲ್ಲಿನ ಮೇಲಿನ ಹೆಸರು: ಮುಂಬಯಿಯ ಮನೆ ತೆರಿಗೆ ಕುರಿತು ಒಂದು ಟಿಪ್ಪಣಿ

1. ಪ್ರಶ್ನೆ ಮತ್ತು ವ್ಯಾಪ್ತಿ

ಬೆಂಗಳೂರಿನಲ್ಲೋ ಧಾರವಾಡದಲ್ಲೋ ಮನೆ ಮಾಡಿಕೊಂಡವರಿಗೆ ಆಸ್ತಿ ತೆರಿಗೆ ಎಂದೊಡನೆ ಖಾತೆ ನೆನಪಾಗುತ್ತದೆ. ಖಾತೆ ತನ್ನ ಹೆಸರಿನಲ್ಲಿರುತ್ತದೆ, ಚಲನ್ ತನ್ನ ಹೆಸರಿನಲ್ಲಿ ಬರುತ್ತದೆ, ರಸೀದಿಯನ್ನು ಮಡಚಿ ಮನೆಪತ್ರದ ಜೊತೆ ಇಡುವುದೂ ತಾನೇ. ಅದೇ ಮನುಷ್ಯ ಮುಂಬಯಿಯ ಉಪನಗರದಲ್ಲಿ ಒಂದು ಫ್ಲ್ಯಾಟ್ ಕೊಂಡರೆ, ಇಪ್ಪತ್ತು ವರ್ಷ ತೆರಿಗೆ ತುಂಬಿಯೂ ಮಹಾನಗರ ಪಾಲಿಕೆಯ ಬಿಲ್ಲನ್ನು ಒಮ್ಮೆಯೂ ಕಣ್ಣಾರೆ ನೋಡದೆ ಇದ್ದುಬಿಡಬಹುದು. ಅವನ ಕೈಗೆ ಬರುವುದು ಸೊಸೈಟಿಯ ಮೇಂಟೆನೆನ್ಸ್ ಬಿಲ್. ಅದರಲ್ಲಿ ‘ಪ್ರಾಪರ್ಟಿ ಟ್ಯಾಕ್ಸ್’ ಎಂದು ಒಂದು ಸಾಲು, ಮುಂದೆ ಒಂದು ಮೊತ್ತ. ಆ ಮೊತ್ತ ಎಲ್ಲಿಂದ ಬಂತು, ಯಾವ ಲೆಕ್ಕದಿಂದ ಬಂತು, ಅದರಲ್ಲಿ ತನ್ನ ಪಾಲು ಸರಿಯಾಗಿದೆಯೇ ಎಂಬುದನ್ನು ಆ ಒಂದು ಸಾಲು ಹೇಳುವುದಿಲ್ಲ.

ಈ ಟಿಪ್ಪಣಿಯ ವಾದ ಸರಳವಾದದ್ದು. ಮುಂಬಯಿಯಲ್ಲಿ ತೆರಿಗೆಯ ಭಾರ ಹೊರುವವರೂ ಬಿಲ್ಲಿನ ಮೇಲೆ ಹೆಸರಿರುವವರೂ ಬಹುಮಟ್ಟಿಗೆ ಬೇರೆಬೇರೆ. ಈ ಅಂತರಕ್ಕೆ ಒಂದು ಶತಮಾನದ ಇತಿಹಾಸವಿದೆ. ಅದನ್ನು ತಿಳಿಯದೆ ಇಲ್ಲಿನ ಮನೆ ತೆರಿಗೆ ಅರ್ಥವಾಗುವುದಿಲ್ಲ. ತಿಳಿದರೆ ಮನೆಯೊಡೆಯ ಕೇಳಬೇಕಾದ ಪ್ರಶ್ನೆಗಳು ತಾವಾಗಿಯೇ ಎದ್ದುಬರುತ್ತವೆ.

ವ್ಯಾಪ್ತಿಯ ಬಗ್ಗೆ ಒಂದು ಮಾತು. ಇಲ್ಲಿ ಹೇಳುವುದು ಬೃಹನ್ಮುಂಬಯಿ ಮಹಾನಗರ ಪಾಲಿಕೆಯ ಗಡಿಯೊಳಗಿನ ಮನೆಗಳಿಗೆ ಮಾತ್ರ. ದ್ವೀಪನಗರಕ್ಕೆ 1950ರಲ್ಲಿ ಹತ್ತಿರದ ಉಪನಗರಗಳು, 1957ರಲ್ಲಿ ದಹಿಸರ್ ಮತ್ತು ಮುಲುಂಡ್‌ವರೆಗಿನ ಪ್ರದೇಶಗಳು ಸೇರಿ ಈ ಗಡಿ ಏರ್ಪಟ್ಟಿತು. ಕನ್ನಡಿಗರು ಬಹುಸಂಖ್ಯೆಯಲ್ಲಿರುವ ಡೊಂಬಿವಲಿ, ಠಾಣೆ, ನವಿ ಮುಂಬಯಿ, ಮೀರಾ ರೋಡ್‌ಗಳು ಈ ಗಡಿಯ ಆಚೆಗಿವೆ. ಅಲ್ಲಿನ ಪಾಲಿಕೆಗಳು ಬೇರೆ, ಅವನ್ನು ಆಳುವ ಕಾಯ್ದೆಯೂ ಬೇರೆ. ಮುಲುಂಡ್‌ನ ಅಣ್ಣನ ಲೆಕ್ಕವನ್ನು ಠಾಣೆಯ ತಮ್ಮನ ಮನೆಗೆ ಹಚ್ಚುವಂತಿಲ್ಲ.

2. ಗಾಮದೇವಿಯ ಮಾದರಿ

ಬಿಲ್ಲಿನ ಮೇಲೆ ಸೊಸೈಟಿಯ ಹೆಸರು ಏಕಿರುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ನಾವು ತಲುಪುವುದು ನಮ್ಮದೇ ಕರಾವಳಿಯ ಜನರ ಬಳಿಗೆ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ ಶಿರಾಲಿ, ಹೊನ್ನಾವರ, ಕುಮಟೆಗಳ ಕಡೆಯಿಂದ ಚಿತ್ರಾಪುರ ಸಾರಸ್ವತರು ನೌಕರಿಗಾಗಿ ಮುಂಬಯಿಗೆ ಬಂದರು. ಮನೆಮಾತು ಕೊಂಕಣಿ, ಶಾಲೆಯ ಓದು ಕನ್ನಡ. ಸಂಬಳದ ಕುಟುಂಬಕ್ಕೆ ಒಪ್ಪುವ ಬಾಡಿಗೆಯ ಮನೆ ಈ ನಗರದಲ್ಲಿ ಸಿಗುವುದು ಆಗಲೂ ಕಷ್ಟವೇ ಆಗಿತ್ತು.

1906ರಲ್ಲಿ ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕನ್ನು ಕಟ್ಟಿದ ರಾವ್‌ಬಹಾದ್ದೂರ್ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಇದಕ್ಕೊಂದು ದಾರಿ ಕಂಡರು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ನೋಂದಣಿಯಾಯಿತು. ದೇಶದ ಮೊದಲ ಸಹಕಾರಿ ಗೃಹನಿರ್ಮಾಣ ಸಂಘಗಳ ಸಾಲಿನಲ್ಲಿ ಅದಕ್ಕೆ ಅಗ್ರಸ್ಥಾನ. ತಾರ್‌ದೇವ್‌ನ ತಲ್ಮಕಿವಾಡಿ ಇವತ್ತಿಗೂ ಅವರ ಹೆಸರು ಹೊತ್ತು ನಿಂತಿದೆ.

ತೆರಿಗೆಯ ದೃಷ್ಟಿಯಿಂದ ಮುಖ್ಯವಾದದ್ದು ಸಹಕಾರಿ ವಸತಿಯ ಒಡೆತನದ ಸ್ವರೂಪ. ಮುಂಬಯಿಯಲ್ಲಿ ಬೇರೂರಿದ ಮಾದರಿಯಲ್ಲಿ ಜಾಗವೂ ಕಟ್ಟಡವೂ ಸಂಘದ ಹೆಸರಿನಲ್ಲಿರುತ್ತವೆ. ಸದಸ್ಯನಲ್ಲಿರುವುದು ಷೇರು ಮತ್ತು ತನ್ನ ಮನೆಯಲ್ಲಿ ವಾಸಿಸುವ ಹಕ್ಕು. 1961ರ ಮಹಾರಾಷ್ಟ್ರ ಸಹಕಾರಿ ಸಂಘಗಳ ನಿಯಮಗಳು ಇದನ್ನು ‘ಟೆನೆಂಟ್ ಕೋ-ಪಾರ್ಟ್‌ನರ್‌ಶಿಪ್’ ಎಂದು ಕರೆದು, ಜಾಗ ಸಂಘದ್ದು ಮನೆ ಸದಸ್ಯನದು ಎಂಬ ಇನ್ನೊಂದು ಬಗೆಯಿಂದ ಬೇರ್ಪಡಿಸಿವೆ. ಮುಂಬಯಿಯ ಫ್ಲ್ಯಾಟುದಾರ ಜೋಪಾನವಾಗಿ ಕಾಯುವ ಷೇರ್ ಸರ್ಟಿಫಿಕೇಟಿನ ಮೂಲ ಇಲ್ಲಿದೆ.

ಈಗ 1888ರ ಮುಂಬಯಿ ಪಾಲಿಕೆ ಕಾಯ್ದೆಯ 146ನೇ ಕಲಮನ್ನು ಇದರ ಪಕ್ಕ ಇಟ್ಟು ನೋಡಬೇಕು. ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಕೊಟ್ಟವರಿಂದ, ಕೊಟ್ಟಿಲ್ಲದಿದ್ದರೆ ಬಾಡಿಗೆಗೆ ಕೊಡುವ ಹಕ್ಕು ಯಾರಲ್ಲಿದೆಯೋ ಅವರಿಂದ ತೆರಿಗೆಯನ್ನು ಮೊದಲಾಗಿ ವಸೂಲು ಮಾಡಬೇಕು ಎಂಬುದು ಅದರ ಸಾರ. ಕಾಯ್ದೆ ರೂಪುಗೊಂಡದ್ದು ಒಬ್ಬ ಮಾಲೀಕ, ಒಂದು ಚಾಳು, ಹತ್ತಾರು ಬಾಡಿಗೆದಾರರ ಊರಿಗಾಗಿ. ಸಹಕಾರಿ ಸಂಘ ಬಂದಾಗ ಅದು ಆ ಮಾಲೀಕನ ಜಾಗದಲ್ಲಿ ಕುಳಿತಿತು. ಹಾಗಾಗಿ ಬಿಲ್ ಸಂಘದ ಹೆಸರಿಗೆ ಬಂತು, ಸಂಘ ಅದನ್ನು ಸದಸ್ಯರಿಗೆ ಹಂಚಿತು. ಈ ನಗರದಲ್ಲಿ ಮನೆಯೊಡೆಯನಿಗೂ ಪಾಲಿಕೆಗೂ ನಡುವೆ ಸೊಸೈಟಿ ನಿಂತದ್ದು ಹೀಗೆ.

3. ಬಾಡಿಗೆಯನ್ನು ಅಳೆದ ತೆರಿಗೆ

1888ರಿಂದ 2010ರವರೆಗೆ ಲೆಕ್ಕದ ಬುನಾದಿ ಒಂದೇ ಇತ್ತು. ಈ ಮನೆಯನ್ನು ವರ್ಷದ ಬಾಡಿಗೆಗೆ ಕೊಟ್ಟರೆ ನ್ಯಾಯವಾಗಿ ಎಷ್ಟು ಬಂದೀತು? ಆ ಮೊತ್ತದಲ್ಲಿ ದುರಸ್ತಿಯ ಬಾಬತ್ತು ನೂರಕ್ಕೆ 10 ಕಳೆದರೆ ಉಳಿಯುವುದೇ ‘ರೇಟೆಬಲ್ ವ್ಯಾಲ್ಯೂ’. ತಿಂಗಳಿಗೆ 20 ರೂಪಾಯಿ ಬಾಡಿಗೆಯ ಕೋಣೆಗೆ ವರ್ಷಕ್ಕೆ 240. ಅದರಲ್ಲಿ 24 ಕಳೆದರೆ 216. ತೆರಿಗೆ ಬೀಳುವುದು ಈ 216ರ ಮೇಲೆ.

1947ರ ಬಾಡಿಗೆ ಕಾಯ್ದೆ ಈ ಲೆಕ್ಕವನ್ನು ಕಟ್ಟಿಹಾಕಿತು. 1 ಸೆಪ್ಟೆಂಬರ್ 1940ರಂದು ಇದ್ದ ಬಾಡಿಗೆಯನ್ನು ಆಧಾರವಾಗಿಟ್ಟು ‘ಸ್ಟ್ಯಾಂಡರ್ಡ್ ರೆಂಟ್’ ಗೊತ್ತುಮಾಡಿದರು. ಅದನ್ನು ಮೀರಿ ಕೇಳುವಂತಿಲ್ಲ. ಕಾನೂನು ಪಡೆಯಲು ಬಿಡದ ಬಾಡಿಗೆಯನ್ನು ಮಾಲೀಕ ‘ನ್ಯಾಯವಾಗಿ ನಿರೀಕ್ಷಿಸುವುದು’ ಹೇಗೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಕಲ್ಕತ್ತೆಯ ಪದ್ಮಾದೇವಿ ಪ್ರಕರಣದಲ್ಲಿ, ಆಮೇಲೆ ದಿಲ್ಲಿಯ ದೀವಾನ್ ದೌಲತ್ ರಾಯ್ ಕಪೂರ್ ಪ್ರಕರಣದಲ್ಲಿ ನ್ಯಾಯಾಲಯ ಇದನ್ನು ಇತ್ಯರ್ಥ ಮಾಡಿತು: ತೆರಿಗೆಯ ಮೌಲ್ಯ ಸ್ಟ್ಯಾಂಡರ್ಡ್ ರೆಂಟನ್ನು ದಾಟುವಂತಿಲ್ಲ.

ಮಾಲೀಕರ ದೃಷ್ಟಿಯಿಂದ ಇದು ನ್ಯಾಯ. ಊರಿನ ದೃಷ್ಟಿಯಿಂದ ಇದರ ಪರಿಣಾಮ ವಿಪರೀತವಾಯಿತು. ದಕ್ಷಿಣ ಮುಂಬಯಿಯ ಸಮುದ್ರದ ದಂಡೆಯ ಹಳೆಯ ಕಟ್ಟಡ 1940ರ ಬಾಡಿಗೆಯ ಲೆಕ್ಕದಲ್ಲಿ ಉಳಿಯಿತು. ಬೊರಿವಲಿ, ಭಾಂಡುಪ್‌ಗಳಲ್ಲಿ ಹೊಸದಾಗಿ ಕಟ್ಟಿದ ಚಿಕ್ಕ ಫ್ಲ್ಯಾಟುಗಳು ಹೊಸ ಬಾಡಿಗೆಯ ಲೆಕ್ಕಕ್ಕೆ ಬಿದ್ದವು. ಬೆಲೆಬಾಳುವ ಮನೆಗೆ ಕಡಿಮೆ ತೆರಿಗೆ, ಅದರ ಅರ್ಧ ಬೆಲೆಯೂ ಇಲ್ಲದ ಮನೆಗೆ ಹೆಚ್ಚು ತೆರಿಗೆ ಎಂಬ ಸ್ಥಿತಿ ದಶಕಗಟ್ಟಲೆ ನಡೆಯಿತು. ಸಾಲ ಮಾಡಿ ಉಪನಗರದಲ್ಲಿ ಮನೆ ಕೊಂಡವರು ಈ ಅಸಮತೋಲದ ಭಾರ ಹೊತ್ತರು.

4. ಬೆಲೆಯನ್ನು ಅಳೆಯುವ ತೆರಿಗೆ

1 ಏಪ್ರಿಲ್ 2010ರಿಂದ ಬುನಾದಿ ಬದಲಾಯಿತು. ಈಗ ಕೇಳುವ ಪ್ರಶ್ನೆ ಬಾಡಿಗೆಯದಲ್ಲ, ಬೆಲೆಯದು. ಇದು ‘ಕ್ಯಾಪಿಟಲ್ ವ್ಯಾಲ್ಯೂ’, ಬಂಡವಾಳ ಮೌಲ್ಯ. ಮುದ್ರಾಂಕ ಶುಲ್ಕಕ್ಕಾಗಿ ಸರಕಾರ ಪ್ರಕಟಿಸುವ ರೆಡಿ ರೆಕನರ್ ದರ ಇದರ ಮೂಲ. ಕರ್ನಾಟಕದಲ್ಲಿ ಮಾರ್ಗಸೂಚಿ ಬೆಲೆ ಎನ್ನುತ್ತೇವಲ್ಲ, ಅದೇ ಬಗೆಯದು. ಆ ದರವನ್ನು ಮನೆಯ ವಿಸ್ತೀರ್ಣದಿಂದ ಗುಣಿಸಬೇಕು. ಆಮೇಲೆ ನಾಲ್ಕು ತೂಕಗಳು: ಬಳಕೆ ಯಾವುದು (ವಾಸವೋ, ಅಂಗಡಿಯೋ, ಹೋಟೆಲೋ), ಕಟ್ಟಡ ಯಾವ ಬಗೆಯದು, ಅದರ ವಯಸ್ಸೆಷ್ಟು, ಮನೆ ಯಾವ ಮಹಡಿಯಲ್ಲಿದೆ. ಈ ಗುಣಾಕಾರದಿಂದ ಬಂದ ಬಂಡವಾಳ ಮೌಲ್ಯದ ಮೇಲೆ ಪ್ರತಿಶತ ಲೆಕ್ಕದಲ್ಲಿ ತೆರಿಗೆ.

ಲೆಕ್ಕ ಮನದಟ್ಟಾಗಲೆಂದು ಕಲ್ಪಿತ ಸಂಖ್ಯೆಗಳನ್ನು ಇಟ್ಟು ನೋಡೋಣ. ವಿಸ್ತೀರ್ಣ 60 ಚದರ ಮೀಟರ್, ದರ ಚದರ ಮೀಟರಿಗೆ 1,00,000 ರೂಪಾಯಿ, ನಾಲ್ಕೂ ತೂಕಗಳ ಗುಣಲಬ್ಧ 0.9. ಆಗ ಮೌಲ್ಯ 54,00,000. ತೆರಿಗೆಯ ದರ ಎಷ್ಟೇ ಇರಲಿ, ಅದರ ಪ್ರತಿ 0.1 ಪ್ರತಿಶತಕ್ಕೆ 5,400 ರೂಪಾಯಿ. ಪಾಲಿಕೆಯ ದಾಖಲೆಯಲ್ಲಿ ಈ ಮನೆ 60ರ ಬದಲು 66 ಚದರ ಮೀಟರ್ ಎಂದು ಬರೆದುಹೋಗಿದ್ದರೆ ಮೌಲ್ಯ 59,40,000 ಆಗುತ್ತದೆ, ಪ್ರತಿ 0.1 ಪ್ರತಿಶತಕ್ಕೆ 540 ರೂಪಾಯಿ ಹೆಚ್ಚು, ತಿದ್ದುವವರೆಗೆ ವರ್ಷವರ್ಷವೂ. ಬಾಡಿಗೆಯ ಕಾಲದಲ್ಲಿ ತಪ್ಪು ಹುಡುಕಲು ಬಾಡಿಗೆಯ ಚರಿತ್ರೆ ಬೇಕಿತ್ತು. ಈಗ ಅಳತೆಪಟ್ಟಿ ಸಾಕು. ಹೊಸ ಪದ್ಧತಿಯ ನಿಜವಾದ ಗುಣ ಇದೇ: ಮನೆಯೊಡೆಯ ತಾನೇ ಕೂತು ಲೆಕ್ಕವನ್ನು ಮತ್ತೆ ಮಾಡಿ ನೋಡಬಲ್ಲ.

ಏರಿಕೆ ಒಮ್ಮೆಲೇ ಬೀಳದಂತೆ ಕಾಯ್ದೆ ಮಿತಿ ಇಟ್ಟಿತು. ಮೊದಲ ಹಂತದಲ್ಲಿ ವಾಸದ ಮನೆಯ ತೆರಿಗೆ ಹಳೆಯದರ ಎರಡು ಪಟ್ಟನ್ನು, ವಾಸೇತರ ಜಾಗಗಳದು ಮೂರು ಪಟ್ಟನ್ನು ಮೀರುವಂತಿರಲಿಲ್ಲ. ಮೌಲ್ಯವನ್ನು ಐದು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂಬುದು ನಿಯಮ. 2020ರಲ್ಲಿ ಬರಬೇಕಿದ್ದ ಪರಿಷ್ಕರಣೆ ಕೋವಿಡ್ ಕಾರಣದಿಂದ ಮುಂದೆ ಹೋಯಿತು.

ಹೊಸ ಪದ್ಧತಿ ಪ್ರಶ್ನೆಯಿಲ್ಲದೆ ನೆಲೆಯೂರಲಿಲ್ಲ. ಆಸ್ತಿ ಮಾಲೀಕರ ಸಂಘ ಬಾಂಬೆ ಹೈಕೋರ್ಟಿಗೆ ಹೋಯಿತು. ಪ್ರಕರಣ ನಡೆಯುತ್ತಿದ್ದಾಗ ಹಳೆಯ ತೆರಿಗೆಯನ್ನೂ ಹೊಸದಕ್ಕೂ ಹಳೆಯದಕ್ಕೂ ಇರುವ ವ್ಯತ್ಯಾಸದ ಅರ್ಧವನ್ನೂ ತುಂಬುವಂತೆ 2014ರಲ್ಲಿ ಮಧ್ಯಂತರ ಆದೇಶವಾಯಿತು. ಏಪ್ರಿಲ್ 2019ರಲ್ಲಿ ಹೈಕೋರ್ಟ್ ಬಂಡವಾಳ ಮೌಲ್ಯದ ಪದ್ಧತಿಯನ್ನು ಉಳಿಸಿ, ಪಾಲಿಕೆಯ ನಿಯಮಾವಳಿಯ 20, 21 ಮತ್ತು 22ನೇ ನಿಯಮಗಳನ್ನು ರದ್ದು ಮಾಡಿತು. 7 ನವೆಂಬರ್ 2022ರಂದು ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಜಾಗದ ಮೇಲೆ ಮುಂದೆಂದೋ ಎಷ್ಟು ಕಟ್ಟಬಹುದು ಎಂಬ ಸಾಧ್ಯತೆಯನ್ನು ಇಂದಿನ ತೆರಿಗೆಗೆ ಎಳೆದು ತರುವಂತಿಲ್ಲ, ಇಂದು ಇರುವ ಸ್ಥಿತಿಯನ್ನೇ ಅಳೆಯಬೇಕು. ನಿಯಮಗಳನ್ನು ಹಿಂದಿನ ದಿನಾಂಕದಿಂದ ಜಾರಿ ಮಾಡುವಂತಿಲ್ಲ ಎಂಬುದು ತೀರ್ಪಿನ ತಿರುಳು. ಬಾಡಿಗೆಯ ಕಾಲದಲ್ಲಿ ‘ನ್ಯಾಯವಾಗಿ ನಿರೀಕ್ಷಿಸಬಹುದಾದ’ ಎಂಬ ಮಾತು ಮಾಡಿದ ಕೆಲಸವನ್ನು ಬೆಲೆಯ ಕಾಲದಲ್ಲಿ ಈ ತೀರ್ಪು ಮಾಡಿದೆ ಎಂದು ನನ್ನ ಅಭಿಪ್ರಾಯ.

5. ಬಿಲ್ಲನ್ನು ಓದುವುದು

ಪಾಲಿಕೆಯ ಬಿಲ್ಲನ್ನು ಕೈಯಲ್ಲಿ ಹಿಡಿದರೆ ಮೊದಲು ಕಾಣಬೇಕಾದದ್ದು ಎಸ್‌ಎಸಿ ನಂಬರ್. ಅಕ್ಷರ ಮತ್ತು ಅಂಕಿಗಳ 15 ಸ್ಥಾನಗಳ ಈ ಸಂಖ್ಯೆಯ ಮೊದಲಲ್ಲಿ ವಾರ್ಡಿನ ಗುರುತು ಇರುತ್ತದೆ. ಮಾಟುಂಗಾ, ಸಾಯನ್‌ಗಳದು ಎಫ್ ನಾರ್ತ್, ಅಂಧೇರಿ ಪಶ್ಚಿಮದ್ದು ಕೆ ವೆಸ್ಟ್, ಮುಲುಂಡ್‌ನದು ಟಿ. ಹಣ ತುಂಬಲು, ದೂರು ಕೊಡಲು, ಬಾಕಿ ನೋಡಲು ಎಲ್ಲದಕ್ಕೂ ಕೀಲಿ ಈ ಸಂಖ್ಯೆಯೇ. ಕರ್ನಾಟಕದಲ್ಲಿ ಖಾತೆ ಸಂಖ್ಯೆ ಮಾಡುವ ಕೆಲಸವನ್ನು ಬಹುಪಾಲು ಇದು ಮಾಡುತ್ತದೆ. ಆದರೆ ಬಿಲ್ಲಿನಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಸಿದ್ಧವಾಗುವುದಿಲ್ಲ. ತೆರಿಗೆ ದಾಖಲೆ ಹಕ್ಕುಪತ್ರವಲ್ಲ ಎಂಬುದು ನೆಲೆಗೊಂಡ ಕಾನೂನು.

ಎರಡನೆಯದು ಬಾಬತ್ತುಗಳು. ಮರಾಠಿಯಲ್ಲಿ ‘ಘರಪಟ್ಟಿ’ ಎಂದು ಒಂದೇ ಮಾತಿನಲ್ಲಿ ಹೇಳುವ ಈ ತೆರಿಗೆ ನಿಜದಲ್ಲಿ ಒಂದು ಕಟ್ಟು. ಸಾಮಾನ್ಯ ತೆರಿಗೆ, ನೀರಿನ ತೆರಿಗೆ, ನೀರಿನ ಸೌಕರ್ಯ ತೆರಿಗೆ, ಒಳಚರಂಡಿ ತೆರಿಗೆ, ಒಳಚರಂಡಿ ಸೌಕರ್ಯ ತೆರಿಗೆ, ಪಾಲಿಕೆಯ ಶಿಕ್ಷಣ ಕರ, ರಾಜ್ಯದ ಶಿಕ್ಷಣ ಕರ, ವೃಕ್ಷ ಕರ, ರಸ್ತೆ ತೆರಿಗೆ. ಮೀಟರ್ ಇರುವ ಕಟ್ಟಡಕ್ಕೆ ನೀರಿನ ಶುಲ್ಕ ಬಳಕೆಯ ಲೆಕ್ಕದಲ್ಲಿ ಬೇರೆ ಬಿಲ್ಲಾಗಿ ಬರುತ್ತದೆ. ರಾಜ್ಯದ ಶಿಕ್ಷಣ ಕರವನ್ನು ಪಾಲಿಕೆ 1962ರ ಕಾಯ್ದೆಯ ಪ್ರಕಾರ ಸರಕಾರದ ಪರವಾಗಿ ವಸೂಲು ಮಾಡುತ್ತದೆ. ಅದೇ ಕಾಯ್ದೆಯ ಉದ್ಯೋಗ ಖಾತರಿ ಕರ ವಾಸದ ಮನೆಗಿಲ್ಲ. ಅಂಗಡಿ, ಕಚೇರಿ, ಹೋಟೆಲುಗಳಿಗೆ ಇದೆ. ನಮ್ಮ ಉಡುಪಿ ಹೋಟೆಲಿನವರು ಗಲ್ಲೆಯ ಹಿಂದೆ ಇಟ್ಟುಕೊಂಡ ಬಿಲ್ಲಿಗೂ ಅವರ ಮನೆಯ ಬಿಲ್ಲಿಗೂ ಇರುವ ದೊಡ್ಡ ವ್ಯತ್ಯಾಸಕ್ಕೆ ಬಳಕೆಯ ತೂಕದ ಜೊತೆ ಇದೂ ಒಂದು ಕಾರಣ.

ದ್ವೀಪನಗರದ ಹಳೆಯ ಬಾಡಿಗೆ ಕಟ್ಟಡಗಳಿಗೆ ಇನ್ನೊಂದು ಬಾಬತ್ತುಂಟು, ರಿಪೇರಿ ಸೆಸ್. 30 ಸೆಪ್ಟೆಂಬರ್ 1969ರೊಳಗೆ ಕಟ್ಟಿದ 19,642 ಕಟ್ಟಡಗಳನ್ನು ವಯಸ್ಸಿನ ಮೇಲೆ ಎ, ಬಿ, ಸಿ ಎಂದು ವಿಂಗಡಿಸಿ ಹೇರಿದ ಈ ಸೆಸ್ಸನ್ನು ಪಾಲಿಕೆ ವಸೂಲು ಮಾಡಿದರೂ ದುರಸ್ತಿಯ ಹೊಣೆ ಇಂದು ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ಮಂಡಳಿಯದು. ಉಪನಗರದ ಸೊಸೈಟಿಗಳಿಗೆ ಜಿಲ್ಲಾಧಿಕಾರಿ ಕಚೇರಿಯಿಂದ ಬರುತ್ತಿದ್ದ ಎನ್‌ಎ (ಕೃಷಿಯೇತರ) ತೆರಿಗೆಯ ನೋಟಿಸು ಭೂಕಂದಾಯದ್ದು. ಅದಕ್ಕೂ ಪಾಲಿಕೆಯ ತೆರಿಗೆಗೂ ಸಂಬಂಧವಿಲ್ಲ.

ಮೂರನೆಯದು ಅವಧಿ. ವರ್ಷದ ತೆರಿಗೆ ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್ ಎಂದು ಎರಡು ಕಂತು. ಕೊನೆಯ ದಿನ ದಾಟಿದರೆ ತಿಂಗಳಿಗೆ ನೂರಕ್ಕೆ 2ರಂತೆ ದಂಡ, ಅಂದರೆ ವರ್ಷಕ್ಕೆ 24. ಬಾಕಿ ಬೆಳೆದರೆ ಜಪ್ತಿಗೂ ಹರಾಜಿಗೂ ಕಾಯ್ದೆಯಲ್ಲಿ ಅವಕಾಶವಿದೆ. ಸೊಸೈಟಿಯ ಪದಾಧಿಕಾರಿಗಳು ತಡಮಾಡಿದರೆ ಹೊತ್ತಿಗೆ ಸರಿಯಾಗಿ ಮೇಂಟೆನೆನ್ಸ್ ತುಂಬಿದ ಸದಸ್ಯನೂ ಈ ದಂಡದಲ್ಲಿ ಪಾಲುದಾರನಾಗುತ್ತಾನೆ.

6. 46.45 ಚದರ ಮೀಟರ್

ಸೊಸೈಟಿಯ ಹಂಚಿಕೆಯಲ್ಲಿ ತಪ್ಪು ಆಗುವುದು ಹೇಗೆಂದು ತಿಳಿಯಲು 500 ಚದರ ಅಡಿಯ ವಿನಾಯಿತಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 2019ರಲ್ಲಿ ಈ ಅಳತೆಯೊಳಗಿನ ಮನೆಗಳಿಗೆ ಸಾಮಾನ್ಯ ತೆರಿಗೆಯೊಂದನ್ನೇ ಬಿಟ್ಟಿದ್ದರು. ಉಳಿದ ಬಾಬತ್ತುಗಳು ಹಾಗೆಯೇ ಇದ್ದವು. 1 ಜನವರಿ 2022ರಿಂದ ಪೂರ್ಣ ಆಸ್ತಿ ತೆರಿಗೆಯನ್ನೇ ಬಿಟ್ಟರು. ಮಿತಿ 46.45 ಚದರ ಮೀಟರ್, ಅದೂ ಕಾರ್ಪೆಟ್ (ಗೋಡೆಗಳ ಒಳಗಿನ) ಅಳತೆಯಲ್ಲಿ, ವಾಸದ ಮನೆಗೆ ಮಾತ್ರ.

ಎರಡು ಸಂಗತಿ ಗಮನಿಸಬೇಕು. ಒಂದು, ಇದು ಮೊದಲ 500 ಅಡಿಗೆ ಕೊಟ್ಟ ಸೋಡಿ ಅಲ್ಲ. 46 ಮೀಟರಿನ ಮನೆಗೆ ಸೊನ್ನೆ, 47 ಮೀಟರಿನ ಮನೆಗೆ ಪೂರ್ತಿ 47ರ ತೆರಿಗೆ. ಗಡಿಯ ಅಂಚಿನ ಮನೆಗಳಲ್ಲಿ ಅರ್ಧ ಮೀಟರಿನ ದಾಖಲೆಯ ತಪ್ಪೂ ಪೂರ್ತಿ ವಿನಾಯಿತಿಯನ್ನು ಕಳೆಯಬಲ್ಲದು. ಹಳೆಯ ಕರಾರುಪತ್ರಗಳಲ್ಲಿ ಬಿಲ್ಟ್‌ಅಪ್ ಅಳತೆ ಮಾತ್ರ ಇರುವುದು ಸಾಮಾನ್ಯ. ಅಂಥವರು ಮಂಜೂರಾದ ನಕ್ಷೆಯನ್ನು ತೆಗೆಸಿ ಕಾರ್ಪೆಟ್ ಅಳತೆ ನೋಡಿಕೊಳ್ಳಬೇಕು.

ಎರಡು, ವಿನಾಯಿತಿ ಮನೆಗೆ ಸಂದದ್ದು, ಸೊಸೈಟಿಗಲ್ಲ. 40 ಮನೆಗಳ ಒಂದು ಸೊಸೈಟಿಯನ್ನು ಊಹಿಸಿಕೊಳ್ಳಿ: 25 ಮನೆ ಮಿತಿಯೊಳಗೆ, 15 ಮನೆ ಮಿತಿಯ ಮೇಲೆ. ಪಾಲಿಕೆಯ ಬಿಲ್ಲಿನಲ್ಲಿ ಉಳಿಯುವುದು ಆ 15 ಮನೆಗಳ ತೆರಿಗೆ ಮಾತ್ರ. ಅದು ವರ್ಷಕ್ಕೆ 3,00,000 ಎಂದಿರಲಿ. ಖಜಾಂಚಿ ಹಳೆಯ ಅಭ್ಯಾಸದಂತೆ 40ರಿಂದ ಭಾಗಿಸಿದರೆ ಪ್ರತಿಯೊಬ್ಬರಿಗೂ 7,500. ಸೊನ್ನೆ ತುಂಬಬೇಕಾದ 25 ಮನೆಗಳು ಸೇರಿ 1,87,500 ರೂಪಾಯಿ ತುಂಬುತ್ತವೆ. 20,000 ತುಂಬಬೇಕಾದ ದೊಡ್ಡ ಮನೆ 7,500ಕ್ಕೆ ಪಾರಾಗುತ್ತದೆ. ಚಿಕ್ಕ ಮನೆಯವರಿಗೆಂದು ಬಂದ ವಿನಾಯಿತಿ ದೊಡ್ಡ ಮನೆಯವರ ಪಾಲಾಗುತ್ತದೆ.

ಇದಕ್ಕೆ ಮದ್ದು ಹೊಸದಾಗಿ ಹುಡುಕಬೇಕಿಲ್ಲ. ಸಹಕಾರಿ ಗೃಹನಿರ್ಮಾಣ ಸಂಘಗಳ ಮಾದರಿ ಬೈಲಾ ಸ್ಪಷ್ಟವಾಗಿದೆ: ಸೇವಾ ಶುಲ್ಕ ಎಲ್ಲರಿಗೂ ಸಮ, ನೀರಿನ ಶುಲ್ಕ ನಳಗಳ ಸಂಖ್ಯೆ ಮತ್ತು ಅಳತೆಯ ಮೇಲೆ, ಆಸ್ತಿ ತೆರಿಗೆ ಮಾತ್ರ ಸ್ಥಳೀಯ ಸಂಸ್ಥೆ ಆಯಾ ಮನೆಗೆ ಗೊತ್ತುಮಾಡಿದಂತೆ. ಮೂರಕ್ಕೆ ಮೂರು ಅಳತೆಗೋಲು. ಇವನ್ನು ಕಲಸಿ ‘ಮೇಂಟೆನೆನ್ಸ್’ ಎಂಬ ಒಂದೇ ಮೊತ್ತ ಮಾಡುವ ಸೊಸೈಟಿ ತನ್ನ ಬೈಲಾವನ್ನೇ ಮುರಿಯುತ್ತದೆ.

7. ಹೆಸರು, ತಕರಾರು, ರಸೀದಿ

ಆಸ್ತಿ ಕೈಬದಲಾದಾಗ ಮೂರು ತಿಂಗಳೊಳಗೆ ಪಾಲಿಕೆಗೆ ತಿಳಿಸಬೇಕು ಎಂದು ಕಾಯ್ದೆಯ 149ನೇ ಕಲಮು ಹೇಳುತ್ತದೆ. ತಿಳಿಸುವವರೆಗೆ ಹಳೆಯ ಹೆಸರಿನವರ ಹೊಣೆ ತಪ್ಪುವುದಿಲ್ಲ. ಎಷ್ಟೋ ಕಟ್ಟಡಗಳ ಬಿಲ್ಲು ಇಂದಿಗೂ ಬಿಲ್ಡರನ ಇಲ್ಲವೇ ಹಳೆಯ ಜಮೀನುದಾರನ ಹೆಸರಿನಲ್ಲೇ ಬರುತ್ತಿದ್ದರೆ, ಜಾಗದ ಹಕ್ಕು ಸೊಸೈಟಿಗೆ ಬಂದೇ ಇಲ್ಲ ಎಂದು ಶಂಕಿಸಬೇಕು. 1963ರ ಮಹಾರಾಷ್ಟ್ರ ಫ್ಲ್ಯಾಟುಗಳ ಕಾಯ್ದೆಗೆ 2008ರಲ್ಲಿ ತಂದ ತಿದ್ದುಪಡಿ ‘ಡೀಮ್ಡ್ ಕನ್ವೆಯನ್ಸ್’ ದಾರಿ ತೆರೆದಿದೆ. ಜಿಲ್ಲಾ ಉಪನಿಬಂಧಕರಿಗೆ ಸೊಸೈಟಿ ತಾನೇ ಅರ್ಜಿ ಹಾಕಬಹುದು. ಬಿಲ್ಲಿನ ಮೇಲಿನ ಹಳೆಯ ಹೆಸರು ಬರಿಯ ಗುಮಾಸ್ತಿಕೆಯ ತಪ್ಪಲ್ಲ, ಬಾಕಿ ಉಳಿದ ಒಂದು ಹಕ್ಕಿನ ಸೂಚನೆ.

ಮೌಲ್ಯದ ಬಗ್ಗೆ ತಕರಾರಿದ್ದರೆ ಮೊದಲು ವಾರ್ಡ್ ಕಚೇರಿಯ ಕರ ನಿರ್ಧಾರಣ ಮತ್ತು ಸಂಕಲನ ಖಾತೆಗೆ ನೋಟಿಸಿನಲ್ಲಿ ಹೇಳಿದ ಅವಧಿಯೊಳಗೆ ಲಿಖಿತ ದೂರು ಕೊಡಬೇಕು. ಅಲ್ಲಿ ಸಮಾಧಾನವಾಗದಿದ್ದರೆ 217ನೇ ಕಲಮಿನಂತೆ ಧೋಬಿತಲಾವ್‌ನ ಸ್ಮಾಲ್ ಕಾಸಸ್ ಕೋರ್ಟಿಗೆ ಮೇಲ್ಮನವಿ. ಮೊದಲು ದೂರು ಕೊಟ್ಟಿರಬೇಕು, ಕೇಳಿದ ಮೊತ್ತವನ್ನು ತುಂಬಿರಬೇಕು. ಹಾಗಿಲ್ಲದ ಮೇಲ್ಮನವಿ ನಿಲ್ಲುವುದಿಲ್ಲ. ಮೊದಲು ತುಂಬು, ಆಮೇಲೆ ವಾದಿಸು ಎಂಬುದು ಈ ಕಾಯ್ದೆಯ ಕ್ರಮ.

ರಸೀದಿಗೆ ಇನ್ನೊಂದು ಪ್ರಯೋಜನವಿದೆ. ಮನೆಯನ್ನು ಬಾಡಿಗೆಗೆ ಕೊಟ್ಟವರು, ತಾವೇ ಹೊತ್ತ ಪಾಲಿಕೆ ತೆರಿಗೆಯನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಬಾಡಿಗೆಯಿಂದ ಕಳೆಯಬಹುದು, ನಿಜವಾಗಿ ತುಂಬಿದ ವರ್ಷದಲ್ಲಿ. ಸೊಸೈಟಿಯ ಬಿಲ್ಲಿನಲ್ಲಿ ತೆರಿಗೆ ಪ್ರತ್ಯೇಕ ಸಾಲಾಗಿ ಇಲ್ಲದಿದ್ದರೆ ಇದನ್ನು ತೋರಿಸುವುದೇ ಕಷ್ಟ.

8. ತೀರ್ಮಾನ

ಮುಂಬಯಿಯ ಮನೆ ತೆರಿಗೆ ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಬಾಡಿಗೆಯನ್ನು ಅಳೆಯಿತು, 2010ರಿಂದ ಬೆಲೆಯನ್ನು ಅಳೆಯುತ್ತಿದೆ. 1 ಜುಲೈ 2017ರಂದು ಜಿಎಸ್‌ಟಿ ಬಂದು, ಪಾಲಿಕೆಗೆ ಅತಿ ಹೆಚ್ಚು ಆದಾಯ ತರುತ್ತಿದ್ದ ಆಕ್ಟ್ರಾಯ್ ನಿಂತ ಮೇಲೆ, ಪಾಲಿಕೆ ತಾನಾಗಿ ಎತ್ತುವ ಹಣದಲ್ಲಿ ಈ ತೆರಿಗೆಯ ಮಹತ್ವ ಹೆಚ್ಚಿದೆ. ನೀರು, ಚರಂಡಿ, ರಸ್ತೆ, ಶಾಲೆಗಳ ಖರ್ಚು ಇದರಲ್ಲಿದೆ. ಇದನ್ನು ಸರಿಯಾಗಿ, ಹೊತ್ತಿಗೆ ತುಂಬುವುದು ಈ ಊರಿನ ಅನ್ನ ತಿಂದವರೆಲ್ಲರ ಕರ್ತವ್ಯ. ಸರಿಯಾದ ಮೊತ್ತವನ್ನಷ್ಟೇ ತುಂಬುವುದು ಅವರ ಹಕ್ಕು. ಬೆಂಗಳೂರಿನ ಮನೆಯೊಡೆಯ ಸ್ವಯಂ ಘೋಷಣೆಯ ಫಾರ್ಮಿನಲ್ಲಿ ಲೆಕ್ಕವನ್ನು ತಾನೇ ಬರೆಯುವುದರಿಂದ ಈ ಎರಡೂ ಅವನ ಕೈಯಲ್ಲಿವೆ. ಮುಂಬಯಿಯಲ್ಲಿ ಅವೆರಡೂ ಸೊಸೈಟಿಯ ಕಚೇರಿಯ ಕಪಾಟಿನಲ್ಲಿವೆ.

ತಲ್ಮಕಿಯವರ ಪೀಳಿಗೆ ಸಂಘವನ್ನು ಕಟ್ಟಿದ್ದು ಒಬ್ಬನಿಗೆ ಎಟುಕದ ಮನೆ ಹತ್ತು ಜನಕ್ಕೆ ಎಟುಕಲಿ ಎಂದು. ಲೆಕ್ಕ ಎಲ್ಲರ ಮುಂದೆ ತೆರೆದಿರದಿದ್ದರೆ ಆ ಸಹಕಾರ ಉಳಿಯುವುದಿಲ್ಲ. ಆದ್ದರಿಂದ ಓದುಗರಲ್ಲಿ ಒಂದೇ ವಿನಂತಿ. ಮುಂದಿನ ವಾರ್ಷಿಕ ಸರ್ವಸಾಧಾರಣ ಸಭೆಗೆ ಹೋಗಿ, ಪಾಲಿಕೆಯ ಬಿಲ್ಲಿನ ಪ್ರತಿಯನ್ನು, ಅದರ ಜೊತೆಗೆ ಮನೆಮನೆಯ ವಿಸ್ತೀರ್ಣ ಮತ್ತು ತೆರಿಗೆಯ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿಸಿ. ನಿಮ್ಮ ಮನೆಯ ಸಾಲನ್ನು ಹುಡುಕಿ, ಅಳತೆಯನ್ನು ನಿಮ್ಮ ಕರಾರುಪತ್ರದೊಂದಿಗೆ ತಾಳೆ ನೋಡಿ. ಬಿಲ್ಲಿನ ಮೇಲೆ ನಿಮ್ಮ ಹೆಸರಿಲ್ಲದಿದ್ದರೂ ಅದರೊಳಗಿನ ಹಣ ನಿಮ್ಮದು.